ವಜ್ರದೊಳಗಿನ ಒಂದು ಕೊರತೆ ಕಾಂತಕ್ಷೇತ್ರ ಅಳೆಯುವುದು ಹೇಗೆ?

ಕ್ವಾಂಟಮ್ ಅಂದ ತಕ್ಷಣ ಎಲ್ಲರ ಬಾಯಲ್ಲೂ ಕಂಪ್ಯೂಟರ್ ಮಾತೇ. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟು 6,003.65 ಕೋಟಿ ರೂಪಾಯಿ ತೆಗೆದಿಟ್ಟಿತು. ಮಿಷನ್‌ನ ನಾಲ್ಕು ಕೇಂದ್ರಗಳಲ್ಲಿ ಕಂಪ್ಯೂಟಿಂಗ್ ಕೇಂದ್ರ ಬೆಂಗಳೂರಿನ ಐಐಎಸ್‌ಸಿಗೆ ಬಂತು. ಹಾಗಾಗಿ ನಮ್ಮಲ್ಲಿ ಅದರ ಸುದ್ದಿ ಜಾಸ್ತಿ. ಅಳತೆ ಮತ್ತು ಸೆನ್ಸರ್‌ಗಳ ಕೇಂದ್ರ ಐಐಟಿ ಬಾಂಬೆಗೆ ಹೋಯಿತು. ಅದರ ಬಗ್ಗೆ ಯಾರೂ ಅಷ್ಟಾಗಿ ವಿಚಾರಿಸಲಿಲ್ಲ.

ನನ್ನ ಲೆಕ್ಕದಲ್ಲಿ ಸಾಮಾನ್ಯರ ಕೈಗೆ ಮೊದಲು ಸಿಗುವುದು ಈ ಸೆನ್ಸರ್‌ಗಳೇ. ಕಾರಿನ ಬ್ಯಾಟರಿ ಪಕ್ಕದಲ್ಲೋ, ಚಿಪ್ ತಪಾಸಣೆಯ ಮೇಜಿನ ಮೇಲೋ, ಆಸ್ಪತ್ರೆಯಲ್ಲೋ ಬಂದು ಕೂರಬಹುದು. ಅವುಗಳಲ್ಲಿ ಒಂದು ಬಗೆ ಕೆಲಸ ಮಾಡುವುದು ವಜ್ರದ ಚೂರಿನಿಂದ. ಅದರಲ್ಲೂ ಸರಿಯಾಗಿ ಆಯ್ದು ಕೆಡಿಸಿದ ವಜ್ರದಿಂದ. ಅದು ಹೇಗೆ ಅನ್ನೋದನ್ನು ಬುಡದಿಂದಲೇ ನೋಡೋಣ.

ಅಳೆಯುವುದು ಏನನ್ನು?

ಅಯಸ್ಕಾಂತದ ಸುತ್ತ ಅದರ ಪ್ರಭಾವ ಇರುವ ಜಾಗವೇ ಕಾಂತಕ್ಷೇತ್ರ. ಅಯಸ್ಕಾಂತವೇ ಬೇಕೆಂದೇನಿಲ್ಲ. ವಿದ್ಯುತ್ ಹರಿಯುವ ಯಾವ ತಂತಿಯ ಸುತ್ತಲೂ ಕಾಂತಕ್ಷೇತ್ರ ಇರುತ್ತದೆ. ಕಾಂತಕ್ಷೇತ್ರ ಅಳೆಯುವ ವಿದ್ಯೆಗೆ ಇಷ್ಟು ಬೆಲೆ ಬಂದಿರುವುದೇ ಇದರಿಂದ. ತಂತಿಯನ್ನು ಮುಟ್ಟದೆ, ಕತ್ತರಿಸದೆ, ಅದರಲ್ಲಿ ಎಷ್ಟು ಕರೆಂಟ್ ಹರಿಯುತ್ತಿದೆ ಅಂತ ಹೊರಗಿನಿಂದಲೇ ಹೇಳಬಹುದು. ನಮ್ಮ ಹೃದಯ ಮತ್ತು ಮಿದುಳಿನಲ್ಲೂ ವಿದ್ಯುತ್ ಸಂಕೇತಗಳು ಓಡಾಡುತ್ತವೆ. ಅವುಗಳ ಸುತ್ತಲೂ ತೀರಾ ಕ್ಷೀಣವಾದ ಕಾಂತಕ್ಷೇತ್ರ ಇದೆ.

ಅಳತೆಯ ಮಾನದ ಹೆಸರು ಟೆಸ್ಲಾ. ಆಸ್ಪತ್ರೆಯ ಎಂಆರ್‌ಐ ಯಂತ್ರದಲ್ಲಿ 1.5 ಅಥವಾ 3 ಟೆಸ್ಲಾ ಇರುತ್ತದೆ. ಫ್ರಿಜ್ ಬಾಗಿಲಿಗೆ ಅಂಟಿಸುವ ಅಯಸ್ಕಾಂತದ್ದು ಕೆಲವೇ ಮಿಲಿಟೆಸ್ಲಾ, ಅಂದರೆ ಟೆಸ್ಲಾದ ಸಾವಿರದಲ್ಲಿ ಕೆಲವು ಪಾಲು. ಭೂಮಿಯ ಕಾಂತಕ್ಷೇತ್ರ ಇನ್ನೂ ಕಡಿಮೆ, ಊರಿನಿಂದ ಊರಿಗೆ 25ರಿಂದ 65 ಮೈಕ್ರೋಟೆಸ್ಲಾ. ನಮ್ಮ ಬೆಂಗಳೂರಿನ ಕಡೆ ಸುಮಾರು 40. ಒಂದು ಮೈಕ್ರೋಟೆಸ್ಲಾ ಅಂದರೆ ಟೆಸ್ಲಾದ ಹತ್ತು ಲಕ್ಷದಲ್ಲಿ ಒಂದು ಪಾಲು. ಅದನ್ನೂ ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ಪಿಕೋಟೆಸ್ಲಾ. ಹೃದಯದ ಬಡಿತದಿಂದ ಎದೆಯ ಮೇಲೆ ಸಿಗುವುದು ಕೆಲವು ಹತ್ತು ಪಿಕೋಟೆಸ್ಲಾ. ಅದು ಭೂಮಿಯ ಕ್ಷೇತ್ರದ ಸುಮಾರು ಹತ್ತು ಲಕ್ಷದಲ್ಲಿ ಒಂದು ಪಾಲು. ಮಿದುಳಿನದ್ದು ಅದಕ್ಕಿಂತಲೂ ನೂರಾರು ಪಟ್ಟು ಕಡಿಮೆ.

ಇರುವ ಉಪಕರಣಗಳು ಸಾಲದೇ?

ಬಹಳ ಕೆಲಸಕ್ಕೆ ಸಾಕು. ನಿಮ್ಮ ಮೊಬೈಲಿನ ದಿಕ್ಸೂಚಿಯಲ್ಲಿ ಇರುವುದು ಅಕ್ಕಿಕಾಳಿಗಿಂತ ಚಿಕ್ಕ ಕಾಂತ ಸೆನ್ಸರ್. ಅಗ್ಗ, ಗಟ್ಟಿ. ಆದರೆ ತೀರಾ ಸಣ್ಣ ಬದಲಾವಣೆ ಅದಕ್ಕೆ ಕಾಣುವುದಿಲ್ಲ, ಮತ್ತು ಕಾಲ ಕಳೆದಂತೆ ಅದರ ಸೊನ್ನೆಯೇ ಅತ್ತಿತ್ತ ಸರಿಯುತ್ತದೆ. ನಕ್ಷೆ ತೆರೆದಾಗ ಫೋನನ್ನು ಎಂಟರ ಆಕಾರದಲ್ಲಿ ತಿರುಗಿಸಿ ಅಂತ ಕೇಳುತ್ತಲ್ಲ, ಆ ಸರಿದ ಸೊನ್ನೆಯನ್ನು ಮತ್ತೆ ಜಾಗಕ್ಕೆ ತರುವುದಕ್ಕೇ.

ಇನ್ನೊಂದು ತುದಿಯಲ್ಲಿ ಸ್ಕ್ವಿಡ್ ಎಂಬ ಉಪಕರಣ ಇದೆ. ಮಿದುಳಿನ ಕಾಂತಕ್ಷೇತ್ರವನ್ನೂ ಹಿಡಿಯುವಷ್ಟು ಸೂಕ್ಷ್ಮ. 2025ರ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡ ಮೂವರಲ್ಲಿ ಒಬ್ಬರಾದ ಜಾನ್ ಕ್ಲಾರ್ಕ್ ದಶಕಗಳ ಕಾಲ ಇದರ ಮೇಲೆ ಕೆಲಸ ಮಾಡಿದವರು. ಆದರೆ ಮಿದುಳಿನ ಅಳತೆಗೆ ಬಳಸುವ ಸ್ಕ್ವಿಡ್‌ಗೆ ದ್ರವ ಹೀಲಿಯಮ್‌ನ ಚಳಿ ಬೇಕು, ಸುಮಾರು ಮೈನಸ್ 269 ಡಿಗ್ರಿ. ಅದನ್ನು ಹೊತ್ತುಕೊಂಡು ಕಾರಿನಲ್ಲಿ ಓಡಾಡಲು ಆಗುತ್ತದೆಯೇ? ರುಬಿಡಿಯಮ್‌ನಂಥ ಲೋಹದ ಆವಿಯನ್ನು ಗಾಜಿನ ಡಬ್ಬಿಯಲ್ಲಿಟ್ಟು ಅಳೆಯುವ ಸೆನ್ಸರ್‌ಗಳೂ ಇವೆ. ಅವು ಚಿಕ್ಕವು, ಬಹಳ ಸೂಕ್ಷ್ಮ. ಆದರೆ ಅವುಗಳಲ್ಲಿ ಅತಿ ಸೂಕ್ಷ್ಮವಾದವು ಭೂಮಿಯ ಕ್ಷೇತ್ರವನ್ನೇ ತಡೆದುಕೊಳ್ಳಲಾರವು. ಅದನ್ನು ಹೊರಗೆ ತಡೆಯುವ ವಿಶೇಷ ಕೋಣೆಯೋ ಸುರುಳಿಗಳೋ ಬೇಕು.

ಒಂದು ಕಡೆ ಗಟ್ಟಿ ಆದರೆ ಮಂದ, ಇನ್ನೊಂದು ಕಡೆ ಸೂಕ್ಷ್ಮ ಆದರೆ ನಾಜೂಕು. ವಜ್ರಕ್ಕೆ ಜಾಗ ಸಿಗುವುದು ಇವೆರಡರ ನಡುವೆ.

ವಜ್ರದೊಳಗೆ ಒಂದು ಖಾಲಿ ಮನೆ

ವಜ್ರ ಅಂದರೆ ಬರೀ ಇಂಗಾಲ. ಪ್ರತಿ ಇಂಗಾಲದ ಪರಮಾಣುವೂ ನಾಲ್ಕು ನೆರೆಯವರ ಕೈ ಹಿಡಿದು ಗಟ್ಟಿಯಾಗಿ ನಿಂತಿರುತ್ತದೆ. ಈ ಶಿಸ್ತಿನ ಸಾಲಿನಲ್ಲಿ ಎಲ್ಲೋ ಒಂದು ಇಂಗಾಲದ ಜಾಗದಲ್ಲಿ ನೈಟ್ರೋಜನ್ ಬಂದು ಕೂತಿದೆ ಅಂದುಕೊಳ್ಳಿ. ಅದರ ಪಕ್ಕದ ಜಾಗ ಪೂರ್ತಿ ಖಾಲಿ ಇದೆ. ನೈಟ್ರೋಜನ್ ಮತ್ತು ಖಾಲಿ ಜಾಗದ (ಇಂಗ್ಲಿಷಿನಲ್ಲಿ ವೇಕೆನ್ಸಿ) ಈ ಜೋಡಿಗೆ ಎನ್‌ವಿ ಸೆಂಟರ್ ಅಂತ ಹೆಸರು. ಸುತ್ತಲಿನಿಂದ ಇದು ಒಂದು ಹೆಚ್ಚುವರಿ ಎಲೆಕ್ಟ್ರಾನ್ ಎಳೆದುಕೊಂಡಾಗ ನಮಗೆ ಬೇಕಾದ ಗುಣಗಳು ಬರುತ್ತವೆ.

ಹಾಗಾದರೆ ಅಜ್ಜಿಯ ಮೂಗುತಿಯ ಹರಳಿನಲ್ಲೂ ಇದು ಇರುತ್ತದಾ? ಬಹುಮಟ್ಟಿಗೆ ಪ್ರಯೋಜನಕ್ಕೆ ಬರುವಷ್ಟು ಇರುವುದಿಲ್ಲ. ಗಣಿಯ ವಜ್ರಗಳಲ್ಲಿ ನೈಟ್ರೋಜನ್ ಧಾರಾಳವಾಗಿದೆ, ಆದರೆ ಕೋಟ್ಯಂತರ ವರ್ಷ ನೆಲದಡಿಯ ಬಿಸಿಯಲ್ಲಿ ಬೆಂದು ನೈಟ್ರೋಜನ್‌ಗಳು ಗುಂಪುಗೂಡಿಬಿಟ್ಟಿರುತ್ತವೆ. ನಮಗೆ ಬೇಕಾದ್ದು ಒಂಟಿ ನೈಟ್ರೋಜನ್, ಅದರ ಪಕ್ಕ ಒಂಟಿ ಖಾಲಿ ಜಾಗ. ಸೆನ್ಸರ್‌ಗೆ ವಜ್ರವನ್ನು ಪ್ರಯೋಗಾಲಯದಲ್ಲಿ ಬೆಳೆಸುವುದು ಇದಕ್ಕೇ.

ವಜ್ರದ ಮೇಲೆ ಬೆಳಕು ಬಿಟ್ಟು ಅದು ವಾಪಸ್ ಸೂಸುವ ಬೆಳಕನ್ನು ಓದುವ ಕೆಲಸ ಬೆಂಗಳೂರಿಗೆ ಹೊಸದೇನಲ್ಲ. 1940ರ ದಶಕದಲ್ಲಿ ಐಐಎಸ್‌ಸಿಯಲ್ಲಿ ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ಅನ್ನಾ ಮಣಿ ವಜ್ರ ಮತ್ತು ಮಾಣಿಕ್ಯಗಳ ಬೆಳಕನ್ನು ಅಧ್ಯಯನ ಮಾಡಿದ್ದರು. ಆ ಮಂಕು ಬೆಳಕು ಫೋಟೋ ಪ್ಲೇಟಿನ ಮೇಲೆ ಮೂಡಲು 15ರಿಂದ 20 ಗಂಟೆ ಕಾಯಬೇಕಿತ್ತು. ಮುಂದೆ ಅವರು ಹವಾಮಾನ ಉಪಕರಣಗಳ ತಜ್ಞೆಯಾಗಿ ಹೆಸರಾದರು. ಆಗ ಎನ್‌ವಿ ಸೆಂಟರ್ ಎಂಬ ಕಲ್ಪನೆಯೇ ಇರಲಿಲ್ಲ, ಇದು ಅದರ ನೇರ ಪೂರ್ವಕಥೆ ಅಲ್ಲ. ಆದರೂ ಹೇಳದೆ ಇರಲು ಮನಸ್ಸಾಗಲಿಲ್ಲ.

ಹಸಿರು ಬೆಳಕು ಒಳಗೆ, ಕೆಂಪು ಬೆಳಕು ಹೊರಗೆ

ಈಗ ಕೆಲಸದ ಭಾಗ. ಇದೊಂದನ್ನು ನಿಧಾನವಾಗಿ ಓದಿದರೆ ಉಳಿದದ್ದೆಲ್ಲ ಸಲೀಸು.

ಎಲೆಕ್ಟ್ರಾನ್‌ಗೆ ಸ್ಪಿನ್ ಎಂಬ ಗುಣ ಇದೆ. ಅದರಿಂದಾಗಿ ಪ್ರತಿ ಎಲೆಕ್ಟ್ರಾನ್ ಒಂದು ಪುಟಾಣಿ ಅಯಸ್ಕಾಂತದಂತೆ ವರ್ತಿಸುತ್ತದೆ. ಎನ್‌ವಿ ಸೆಂಟರ್‌ನ ಒಟ್ಟು ಸ್ಪಿನ್‌ಗೆ ಮೂರೇ ಸ್ಥಿತಿ: ಸೊನ್ನೆ, ಪ್ಲಸ್ ಒಂದು, ಮೈನಸ್ ಒಂದು. ಅಳೆದು ನೋಡಿದರೆ ಸಿಗುವುದು ಈ ಮೂರರಲ್ಲಿ ಒಂದೇ, ಅರ್ಧ ಮುಕ್ಕಾಲು ಅಂತ ಇಲ್ಲ. ಸೊನ್ನೆಯ ಸ್ಥಿತಿಗೆ ಶಕ್ತಿ ಕಡಿಮೆ, ಉಳಿದೆರಡಕ್ಕೆ ಸ್ವಲ್ಪ ಜಾಸ್ತಿ.

ವಜ್ರದ ಮೇಲೆ ಹಸಿರು ಲೇಸರ್ ಬಿಟ್ಟರೆ ಎನ್‌ವಿ ಸೆಂಟರ್ ಆ ಬೆಳಕನ್ನು ನುಂಗಿ ಕೆಂಪು ಬೆಳಕು ಸೂಸುತ್ತದೆ. ಸೊನ್ನೆಯಲ್ಲಿದ್ದರೆ ಚೆನ್ನಾಗಿ ಬೆಳಗುತ್ತದೆ. ಪ್ಲಸ್ ಅಥವಾ ಮೈನಸ್ ಒಂದರಲ್ಲಿದ್ದರೆ ಕೊಂಚ ಮಂಕು, ಯಾಕೆಂದರೆ ಆಗ ಶಕ್ತಿಯ ಒಂದು ಭಾಗ ಕೆಂಪು ಬೆಳಕು ಬಾರದ ಅಡ್ಡದಾರಿ ಹಿಡಿಯುತ್ತದೆ. ಆ ಅಡ್ಡದಾರಿ ಬಹುಪಾಲು ಹೋಗಿ ಸೇರುವುದು ಮತ್ತೆ ಸೊನ್ನೆಯನ್ನೇ. ಹಸಿರು ಬೆಳಕು ಒಂದೇ ಏಟಿಗೆ ಎರಡು ಕೆಲಸ ಮಾಡಿತು: ಸ್ಪಿನ್ ಎಲ್ಲಿದೆ ಅಂತ ತೋರಿಸಿತು, ಎಲ್ಲವನ್ನೂ ಸೊನ್ನೆಗೆ ತಂದು ಮುಂದಿನ ಅಳತೆಗೆ ಸಜ್ಜು ಮಾಡಿತು. ಬರೀ ಬೆಳಕಿನಿಂದ, ಕೋಣೆಯ ಉಷ್ಣತೆಯಲ್ಲಿ.

ಇನ್ನು ಬೇಕಾದ್ದು ಮೈಕ್ರೋವೇವ್. ಹಳೆಯ ರೇಡಿಯೋದಲ್ಲಿ ತಿರುಗಣೆ ತಿರುಗಿಸಿ ಸ್ಟೇಷನ್ ಹುಡುಕುತ್ತಿದ್ದೆವಲ್ಲ, ಇಲ್ಲೂ ಹಾಗೆಯೇ. ವಜ್ರದ ಪಕ್ಕದ ಪುಟ್ಟ ಆಂಟೆನಾದಿಂದ ಮೈಕ್ರೋವೇವ್ ಬಿಡುತ್ತಾ ಅದರ ಫ್ರೀಕ್ವೆನ್ಸಿಯನ್ನು ನಿಧಾನವಾಗಿ ಏರಿಸುತ್ತಾ ಹೋಗುತ್ತಾರೆ. 2.87 ಗಿಗಾಹರ್ಟ್ಸ್ ಬಂದಾಗ ಕೆಂಪು ಬೆಳಕು ಇದ್ದಕ್ಕಿದ್ದಂತೆ ಮಂಕಾಗುತ್ತದೆ. ಸೊನ್ನೆಗೂ ಮೇಲಿನ ಸ್ಥಿತಿಗಳಿಗೂ ಇರುವ ಶಕ್ತಿಯ ಅಂತರಕ್ಕೆ ಆ ಫ್ರೀಕ್ವೆನ್ಸಿ ಸರಿಹೊಂದಿ, ಸ್ಪಿನ್‌ಗಳು ಮೇಲಕ್ಕೆ ಹತ್ತಿದವು ಅಂತ ಅರ್ಥ. ಮನೆಯ ವೈಫೈ ಕೆಲಸ ಮಾಡುವ 2.4 ಗಿಗಾಹರ್ಟ್ಸ್‌ಗೆ ಇದು ಹತ್ತಿರವೇ. ಹಾಗಾಗಿ ಬೇಕಾದ ಎಲೆಕ್ಟ್ರಾನಿಕ್ಸ್ ಅಪರೂಪದ್ದೇನಲ್ಲ.

ಹತ್ತಿರ ಒಂದು ಅಯಸ್ಕಾಂತ ತಂದರೆ ಏನಾಗುತ್ತದೆ? ಒಂದೇ ಇದ್ದ ಸ್ಟೇಷನ್ ಎರಡಾಗಿ ಒಡೆಯುತ್ತದೆ. ಒಂದು 2.87ಕ್ಕಿಂತ ಕೆಳಗೆ ಸರಿಯುತ್ತದೆ, ಇನ್ನೊಂದು ಮೇಲೆ. ಎನ್‌ವಿಯ ಅಕ್ಷದ ನೇರಕ್ಕೆ ಇರುವ ಪ್ರತಿ ಮೈಕ್ರೋಟೆಸ್ಲಾಗೆ ಎರಡೂ 28 ಕಿಲೋಹರ್ಟ್ಸ್‌ನಷ್ಟು ದೂರ ಹೋಗುತ್ತವೆ. 40 ಮೈಕ್ರೋಟೆಸ್ಲಾ ಇದ್ದರೆ ಒಂದೊಂದೂ 1.12 ಮೆಗಾಹರ್ಟ್ಸ್ ಸರಿದು, ನಡುವಿನ ಅಂತರ 2.24 ಮೆಗಾಹರ್ಟ್ಸ್ ಆಗುತ್ತದೆ. ಆ ಅಂತರ ಅಳೆದರೆ ಕಾಂತಕ್ಷೇತ್ರ ಅಳೆದಂತೆಯೇ.

ನನಗೆ ಈ ವಿಧಾನ ಹಿಡಿಸುವುದು ಇಲ್ಲೇ. ಕಾಂತಕ್ಷೇತ್ರ ಅಳೆಯುವ ಕಷ್ಟದ ಕೆಲಸವನ್ನು ಇದು ಫ್ರೀಕ್ವೆನ್ಸಿ ಅಳೆಯುವ ಕೆಲಸವಾಗಿ ಮಾರ್ಪಡಿಸುತ್ತದೆ. ಫ್ರೀಕ್ವೆನ್ಸಿಯಷ್ಟು ನಿಖರವಾಗಿ ನಾವು ಅಳೆಯಬಲ್ಲ ಸಂಗತಿ ಬೇರೆ ಇಲ್ಲ. ಜೊತೆಗೆ 28 ಎಂಬ ಆ ಸಂಖ್ಯೆಯನ್ನು ಯಾವ ಕಾರ್ಖಾನೆಯೂ ನಿಗದಿ ಮಾಡಿದ್ದಲ್ಲ. ಅದು ಎಲೆಕ್ಟ್ರಾನಿನ ಸ್ವಭಾವ. ಸೆನ್ಸರ್ ಹಳತಾದರೂ ಅದು ಹಾಗೇ ಇರುತ್ತದೆ.

ಬಿಸಿಯಾದರೆ?

ಬಿಸಿಯಾದರೆ 2.87 ಎಂಬ ನಡುಬಿಂದು ಸರಿಯುತ್ತದೆ. ಒಂದು ಡಿಗ್ರಿಗೆ ಸುಮಾರು 74 ಕಿಲೋಹರ್ಟ್ಸ್ ಕೆಳಗೆ. ಒಂದೇ ಸ್ಟೇಷನ್ ನೋಡುತ್ತಾ ಕೂತರೆ ಒಂದು ಡಿಗ್ರಿ ಬಿಸಿ 2.6 ಮೈಕ್ರೋಟೆಸ್ಲಾ ಕಾಂತಕ್ಷೇತ್ರದ ಹಾಗೆ ಕಂಡು ಮೋಸ ಮಾಡುತ್ತದೆ. ಅದಕ್ಕೇ ಎರಡನ್ನೂ ಹಿಂಬಾಲಿಸುವುದು. ಬಿಸಿ ಎರಡನ್ನೂ ಒಂದೇ ಕಡೆ ತಳ್ಳುತ್ತದೆ, ಕಾಂತಕ್ಷೇತ್ರ ವಿರುದ್ಧ ದಿಕ್ಕಿಗೆ ಎಳೆಯುತ್ತದೆ. ನಡುಬಿಂದು ನೋಡಿದರೆ ಉಷ್ಣತೆ ಗೊತ್ತಾಯಿತು, ಅಂತರ ನೋಡಿದರೆ ಕ್ಷೇತ್ರ ಗೊತ್ತಾಯಿತು. ಹೀಗೆ ಅದೇ ವಜ್ರ ಥರ್ಮಾಮೀಟರ್ ಕೂಡ ಆಗುತ್ತದೆ.

ದಿಕ್ಕು ಕೂಡ ಸಿಗುತ್ತದೆ. ಸ್ಫಟಿಕದಲ್ಲಿ ಎನ್‌ವಿ ಸೆಂಟರ್‌ಗಳು ನಾಲ್ಕು ದಿಕ್ಕಿಗೆ ಮಾತ್ರ ಮುಖ ಮಾಡಿರಬಲ್ಲವು, ಇಂಗಾಲದ ಕೈಗಳು ನಾಲ್ಕೇ ಅಲ್ವಾ. ಪಕ್ಕದಲ್ಲಿ ಒಂದು ಚಿಕ್ಕ ಅಯಸ್ಕಾಂತ ಇಟ್ಟು ನಾಲ್ಕರ ಸ್ಟೇಷನ್‌ಗಳನ್ನೂ ಬೇರೆಬೇರೆ ಮಾಡಿದರೆ, ಹೊರಗಿನ ಕ್ಷೇತ್ರ ಎಷ್ಟು, ಯಾವ ಕಡೆಗೆ ಎಂಬ ಎರಡೂ ಉತ್ತರ ಒಂದೇ ಹರಳಿನಿಂದ ಬರುತ್ತವೆ.

ವಜ್ರವೇ ಯಾಕೆ?

ಸ್ಪಿನ್‌ಗಳನ್ನು ಕೆಡಿಸುವುದು ಸುತ್ತಲಿನ ಪರಮಾಣುಗಳ ಅಲ್ಲಾಟ. ಬೇರೆ ಬಹುಪಾಲು ವಸ್ತುಗಳಲ್ಲಿ ಆ ಅಲ್ಲಾಟ ತಗ್ಗಿಸಲು ವಿಪರೀತ ತಣಿಸಬೇಕು. ವಜ್ರದಲ್ಲಿ ಪರಮಾಣುಗಳು ಹಗುರ, ಹಿಡಿತ ಬಿಗಿ. ಹಾಗಾಗಿ ನಮ್ಮ ಕೋಣೆಯ ಉಷ್ಣತೆ ಅದಕ್ಕೆ ಒಂದು ಲೆಕ್ಕವೇ ಅಲ್ಲ. ಸಾಮಾನ್ಯ ಇಂಗಾಲದಲ್ಲಿ ಶೇಕಡಾ 1.1ರಷ್ಟು ಇಂಗಾಲ-13 ಇರುತ್ತದೆ. ಅದರ ಬೀಜಕೇಂದ್ರವೂ ಒಂದು ಅಯಸ್ಕಾಂತ, ಸುಮ್ನೆ ಗಲಾಟೆ ಮಾಡುತ್ತದೆ. ಅದನ್ನು ತೆಗೆದು ಶುದ್ಧ ಇಂಗಾಲ-12ರಿಂದ ಬೆಳೆಸಿದ ವಜ್ರದಲ್ಲಿ, ಒಂದು ಎನ್‌ವಿ ಸ್ಪಿನ್ ಕೋಣೆಯ ಉಷ್ಣತೆಯಲ್ಲೇ 1.8 ಮಿಲಿಸೆಕೆಂಡ್ ಕಾಲ ತನ್ನ ಕ್ವಾಂಟಮ್ ಸ್ಥಿತಿ ಉಳಿಸಿಕೊಂಡಿದ್ದನ್ನು 2009ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್ ತಂಡ ತೋರಿಸಿತು. ನಮಗೆ ಅದು ಕಣ್ಣು ಮಿಟುಕಿಸುವಷ್ಟೂ ಅಲ್ಲ, ಆದರೆ ಈ ಲೋಕದಲ್ಲಿ ಬಹಳ ದೀರ್ಘ ಕಾಲ.

ಒಂದೇ ಒಂದು ಎನ್‌ವಿ ಸೆಂಟರ್‌ನ ಬೆಳಕನ್ನು ಬಿಡಿಯಾಗಿ ನೋಡಿದ್ದು 1997ರಲ್ಲಿ, ಜರ್ಮನಿಯ ಕೆಮ್ನಿಟ್ಸ್‌ನಲ್ಲಿ. ಅದರಿಂದ ಕಾಂತಕ್ಷೇತ್ರ ಅಳೆಯಬಹುದು ಅಂತ ಹಾರ್ವರ್ಡ್ ಮತ್ತು ಸ್ಟುಟ್‌ಗಾರ್ಟ್ ತಂಡಗಳು 2008ರಲ್ಲಿ ತೋರಿಸಿದವು. ಈ ಕ್ಷೇತ್ರದ ವಯಸ್ಸು ಇಷ್ಟೇ.

ಚಿಕ್ಕದು ಮಾಡುವ ಕಷ್ಟ

ಬೇಕಾದ ಸಾಮಾನು ಹೆಚ್ಚಿಲ್ಲ. ಹಸಿರು ಲೇಸರ್ ಅಥವಾ ಎಲ್‌ಇಡಿ, ಮಿಲಿಮೀಟರ್ ಗಾತ್ರದ ವಜ್ರದ ಚೂರು, ಹಸಿರನ್ನು ತಡೆದು ಕೆಂಪನ್ನು ಮಾತ್ರ ಬಿಡುವ ಫಿಲ್ಟರ್, ಬೆಳಕು ಅಳೆಯುವ ಫೋಟೋಡಯೋಡ್, ಮೈಕ್ರೋವೇವ್ ಆಂಟೆನಾ, ಒಂದು ಪುಟ್ಟ ಅಯಸ್ಕಾಂತ. ಅಮೆರಿಕದ ಎಂಐಟಿ ತಂಡ 2019ರಲ್ಲಿ ಮೈಕ್ರೋವೇವ್ ಉತ್ಪಾದನೆ, ಫಿಲ್ಟರ್, ಫೋಟೋಡಯೋಡ್ ಮೂರನ್ನೂ ಒಂದೇ ಸಿಲಿಕಾನ್ ಚಿಪ್‌ನಲ್ಲಿ ಕೂರಿಸಿ ಮೇಲೆ ವಜ್ರ ಇಟ್ಟಿತು. ಆಪ್ಟಿಕಲ್ ಫೈಬರ್‌ನ ತುದಿಗೆ ವಜ್ರದ ಕಣ ಅಂಟಿಸುವವರೂ ಇದ್ದಾರೆ. ಆಗ ಲೇಸರ್ ದೂರದಲ್ಲಿರುತ್ತದೆ, ಅಳೆಯುವ ಜಾಗದಲ್ಲಿ ಕೂದಲೆಳೆಯಷ್ಟು ತುದಿ ಮಾತ್ರ.

ಆದರೆ ತಕರಾರು ಇದೆ. ಆಭರಣದ ವಜ್ರ ಫಳಫಳ ಹೊಳೆಯುವುದು ಬೆಳಕು ಅದರೊಳಗೆ ಸಿಕ್ಕಿಹಾಕಿಕೊಂಡು ಮತ್ತೆ ಮತ್ತೆ ಪ್ರತಿಫಲಿಸುವುದರಿಂದ. ಅದೇ ಗುಣ ಇಲ್ಲಿ ಶತ್ರು. ನಮಗೆ ಬೇಕಾದ ಕೆಂಪು ಬೆಳಕಿನ ಬಹುಭಾಗ ಹೊರಗೆ ಬರುವುದೇ ಇಲ್ಲ. ಬಂದ ಬೆಳಕಿನಲ್ಲೂ ಮಂಕಾಗುವುದು ಶೇಕಡಾ ಒಂದೆರಡು ಮಾತ್ರ, ಕೋಟ್ಯಂತರ ಎನ್‌ವಿಗಳನ್ನು ಒಟ್ಟಿಗೆ ನೋಡಿದಾಗ. ಲೇಸರ್ ತಾನೇ ಸ್ವಲ್ಪ ಮಿನುಗಿದರೂ ಅದು ಅಳತೆಯಲ್ಲಿ ಸೇರಿಕೊಳ್ಳುತ್ತದೆ. ಲೇಸರ್ ಶಕ್ತಿ ಜಾಸ್ತಿ ಮಾಡಿದರೆ ಸೂಕ್ಷ್ಮತೆ ಏರುತ್ತದೆ, ಜೊತೆಗೆ ಬಿಸಿಯೂ ಏರುತ್ತದೆ, ಬ್ಯಾಟರಿಯೂ ಖಾಲಿಯಾಗುತ್ತದೆ. ತಯಾರಕರು ಸೆನ್ಸರ್ ಬೆರಳುಗುರಿನಷ್ಟಿದೆ ಅಂದಾಗ ಅದರ ಹಿಂದಿನ ಪೆಟ್ಟಿಗೆ ಎಷ್ಟು ದೊಡ್ಡದು ಅಂತಲೂ ಕೇಳಿ ನೋಡಿ.

ಇನ್ನೊಂದು ಮಾತು. ಕ್ವಾಂಟಮ್ ಎಂಬ ಹೆಸರು ಇದ್ದ ಮಾತ್ರಕ್ಕೆ ಇದೇ ಎಲ್ಲಕ್ಕಿಂತ ಸೂಕ್ಷ್ಮ ಅಂದುಕೊಳ್ಳಬೇಡಿ. ಪ್ರಯೋಗಾಲಯದಲ್ಲಿ ಎನ್‌ವಿ ವಜ್ರ ಒಂದು ಸೆಕೆಂಡಿನ ಅಳತೆಯಲ್ಲಿ ಸುಮಾರು ಒಂದು ಪಿಕೋಟೆಸ್ಲಾ ಮಟ್ಟ ಮುಟ್ಟಿದೆ. ಸ್ಕ್ವಿಡ್ ಅದಕ್ಕಿಂತ ನೂರಾರು ಪಟ್ಟು ಮುಂದಿದೆ. ವಜ್ರದ ಬಲ ಇರುವುದು ಬೇರೆ ಕಡೆ.

ಎಲ್ಲಿ ಉಪಯೋಗ?

ಎಲೆಕ್ಟ್ರಿಕ್ ಕಾರು ಇದ್ದವರಿಗೆ ಈ ಅನುಭವ ಇರುತ್ತದೆ: ಇನ್ನು ಇಷ್ಟು ಕಿಲೋಮೀಟರ್ ಓಡುತ್ತದೆ ಅಂತ ತೋರಿಸುವ ಅಂಕಿಯನ್ನು ನಂಬಲು ಧೈರ್ಯ ಬರುವುದಿಲ್ಲ. ಅದಕ್ಕೆ ಒಂದು ಕಾರಣ ಕರೆಂಟ್ ಸೆನ್ಸರ್. ಗಾಡಿಯ ಬ್ಯಾಟರಿಯಿಂದ ಹರಿಯುವ ಸರಾಸರಿ ಕರೆಂಟ್ ಸುಮಾರು 10 ಆಂಪಿಯರ್. ಆದರೆ ಜೋರಾಗಿ ಓಡಿಸಿದಾಗ ಅದು ನೂರಾರು ಆಂಪಿಯರ್‌ಗೆ ಏರುತ್ತದೆ. ಅಷ್ಟು ದೊಡ್ಡದನ್ನೂ ತಡೆದುಕೊಂಡು ಸಣ್ಣದನ್ನೂ ನಿಖರವಾಗಿ ಅಳೆಯುವುದು ಮಾಮೂಲಿ ಸೆನ್ಸರ್‌ಗೆ ಆಗದು. ಹಾಗಾಗಿ ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಎಂಬ ಅಂದಾಜು ಶೇಕಡಾ 10ರಷ್ಟು ಅತ್ತಿತ್ತ ಆಗುತ್ತದೆ. ಆ ಭಯಕ್ಕೆ ಬ್ಯಾಟರಿಯ ಒಂದು ಪಾಲನ್ನು ಬಳಸದೆ ಬಿಡಬೇಕಾಗುತ್ತದೆ.

ಟೋಕಿಯೋ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಮುತ್ಸುಕೊ ಹತಾನೊ ಅವರ ತಂಡ 2022ರಲ್ಲಿ ಇದಕ್ಕೆ ವಜ್ರ ಬಳಸಿತು. ಕರೆಂಟ್ ಹರಿಯುವ ಲೋಹದ ಪಟ್ಟಿಯ ಎರಡೂ ಬದಿ ಒಂದೊಂದು ವಜ್ರ. ಪಟ್ಟಿಯ ಕಾಂತಕ್ಷೇತ್ರ ಎರಡು ಬದಿಗಳಲ್ಲಿ ವಿರುದ್ಧ ದಿಕ್ಕಿಗೆ ಇರುತ್ತದೆ, ಹೊರಗಿನ ಗದ್ದಲ ಎರಡಕ್ಕೂ ಒಂದೇ. ಒಂದರಿಂದ ಇನ್ನೊಂದನ್ನು ಕಳೆದರೆ ಗದ್ದಲ ಅಳಿಸಿಹೋಗುತ್ತದೆ. ಕರೆಂಟ್ ಏರಿದಂತೆ ಸ್ಟೇಷನ್ ದೂರ ಓಡುತ್ತದೆ, ಎಲೆಕ್ಟ್ರಾನಿಕ್ಸ್ ಅದರ ಹಿಂದೆಯೇ ಓಡುತ್ತದೆ. ಹಾಗಾಗಿ ದೊಡ್ಡ ಕರೆಂಟ್ ಬಂದಾಗ ಸೆನ್ಸರ್ ತುಂಬಿಹೋಗುವ ಪ್ರಶ್ನೆ ಇಲ್ಲ. 10 ಮಿಲಿಆಂಪಿಯರ್ ನಿಖರತೆ ಸಿಕ್ಕಿತು, ಮೈನಸ್ 40ರಿಂದ 85 ಡಿಗ್ರಿವರೆಗೆ ಕೆಲಸ ಮಾಡಿತು.

ಚಿಪ್ ತಪಾಸಣೆ ಇನ್ನೊಂದು. ಈಗಿನ ಚಿಪ್‌ಗಳಲ್ಲಿ ಪದರದ ಮೇಲೆ ಪದರ. ಒಳಗಿನ ತಂತಿಯೊಂದು ಕೆಟ್ಟರೆ ಒಡೆಯದೆ ನೋಡುವುದು ಕಷ್ಟ. ಮೇಲೆ ವಜ್ರದ ಹಾಳೆ ಇಟ್ಟು ಅದರ ಕೆಂಪು ಬೆಳಕನ್ನು ಕ್ಯಾಮೆರಾದಲ್ಲಿ ಹಿಡಿದರೆ, ಒಳಗೆ ಕರೆಂಟ್ ಹರಿಯುವ ದಾರಿಯ ಚಿತ್ರವೇ ಸಿಗುತ್ತದೆ. ಇಂಥ ಉಪಕರಣ ಕಟ್ಟಲು ಟಿಸಿಎಸ್ ಮತ್ತು ಐಐಟಿ ಬಾಂಬೆ 2024ರಲ್ಲಿ ಕೈಜೋಡಿಸಿದವು.

ಜೀವಿಗಳ ವಿಷಯದಲ್ಲಿ ದಾರಿ ಇನ್ನೂ ದೂರ ಇದೆ. 2016ರಲ್ಲಿ ಹಾರ್ವರ್ಡ್ ತಂಡ ಸಮುದ್ರದ ಹುಳುವೊಂದರ ನರದ ಸಂಕೇತವನ್ನು ಹುಳುವಿನ ಹೊರಗಿನಿಂದಲೇ ವಜ್ರದಿಂದ ಹಿಡಿಯಿತು. ಆ ಹುಳುವಿನ ನರ ತುಂಬಾ ದಪ್ಪ, ಅದಕ್ಕೇ ಸಾಧ್ಯವಾಯಿತು. ಟೋಕಿಯೋದಲ್ಲಿ ಇಲಿಯ ಹೃದಯದ ಕಾಂತಕ್ಷೇತ್ರವನ್ನು ಮಿಲಿಮೀಟರ್ ವಿವರದಲ್ಲಿ ಅಳೆದಿದ್ದಾರೆ, ಆದರೆ ಎದೆ ತೆರೆದು. ಮನುಷ್ಯರಿಗೆ ಇದು ಇಸಿಜಿಯ ಜಾಗಕ್ಕೆ ಬರುತ್ತದೆ ಅನ್ನುವ ಸುದ್ದಿ ಕಂಡರೆ ಸ್ವಲ್ಪ ತಾಳ್ಮೆ ಇರಲಿ.

ಜಿಪಿಎಸ್ ಇಲ್ಲದ ದಾರಿಶೋಧ ನಾಲ್ಕನೆಯದು. ಭೂಮಿಯ ಕಾಂತಕ್ಷೇತ್ರ ಎಲ್ಲ ಕಡೆ ಒಂದೇ ಸಮ ಇಲ್ಲ, ಕೆಳಗಿನ ಬಂಡೆಗಳ ಪ್ರಕಾರ ಏರಿಳಿಯುತ್ತದೆ. ಆ ಏರಿಳಿತದ ನಕ್ಷೆ ಇದ್ದರೆ ವಿಮಾನ ತಾನು ಎಲ್ಲಿದ್ದೇನೆ ಅಂತ ಪತ್ತೆ ಮಾಡಬಹುದು. ಅಮೆರಿಕದ ರಕ್ಷಣಾ ಕಂಪನಿ ಲಾಕ್‌ಹೀಡ್ ಮಾರ್ಟಿನ್ ಇದಕ್ಕಾಗಿ ಡಾರ್ಕ್ ಐಸ್ ಹೆಸರಿನ ವಜ್ರದ ಮಾದರಿ ಮಾಡಿತ್ತು. ಇಲ್ಲಿ ಆವಿಯ ಸೆನ್ಸರ್‌ಗಳದ್ದು ಪ್ರಬಲ ಪೈಪೋಟಿ.

ಹರಳು ಬರುವುದು ಎಲ್ಲಿಂದ?

ಮೀಥೇನ್ ಮತ್ತು ಹೈಡ್ರೋಜನ್ ಅನಿಲಗಳನ್ನು ಮೈಕ್ರೋವೇವ್‌ನಿಂದ ಪ್ಲಾಸ್ಮಾ (ಎಲೆಕ್ಟ್ರಾನ್‌ಗಳು ಬಿಡಿಯಾದ ಬಿಸಿ ಅನಿಲ) ಮಾಡಿ, ಒಂದು ತೆಳು ವಜ್ರದ ಬೀಜದ ಮೇಲೆ ಇಂಗಾಲ ಪದರ ಪದರವಾಗಿ ಕೂರುವಂತೆ ಮಾಡುತ್ತಾರೆ. ಸಿವಿಡಿ ಅಂತ ಕರೆಯುವುದು ಇದನ್ನೇ. ಸೆನ್ಸರ್‌ಗಾಗಿ ಬೆಳೆಸುವಾಗ ನೈಟ್ರೋಜನ್ ಅನ್ನು ಲೆಕ್ಕ ಇಟ್ಟು ಸೇರಿಸುತ್ತಾರೆ. ಆಮೇಲೆ ವೇಗದ ಎಲೆಕ್ಟ್ರಾನ್‌ಗಳನ್ನು ಹೊಡೆದು ಕೆಲವು ಇಂಗಾಲಗಳನ್ನು ಜಾಗ ಬಿಡಿಸುತ್ತಾರೆ. ಕೊನೆಗೆ ಸುಮಾರು 800 ಡಿಗ್ರಿಯಲ್ಲಿ ಕಾಯಿಸಿದಾಗ ಆ ಖಾಲಿ ಜಾಗಗಳು ಅಲೆದಾಡಿ ನೈಟ್ರೋಜನ್ ಪಕ್ಕ ಬಂದು ನಿಲ್ಲುತ್ತವೆ. ಎನ್‌ವಿ ಜಾಸ್ತಿ ಇರುವ ಹರಳು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ.

ಸೂರತ್‌ನಲ್ಲಿ ಆಭರಣಕ್ಕೆ ಬೆಳೆಸುವ ವಜ್ರಗಳಿಗೂ ಇದೇ ಸಿವಿಡಿ ವಿಧಾನ ಬಳಕೆಯಲ್ಲಿದೆ, ಗುರಿ ಮಾತ್ರ ಬೇರೆ. ಅಲ್ಲಿ ಬೇಕಾದ್ದು ಗಾತ್ರ ಮತ್ತು ಹೊಳಪು. ಸೆನ್ಸರ್‌ಗೆ ಬೇಕಾದ್ದು ಯಾವ ಕಲ್ಮಶ ಎಷ್ಟು ಎಂಬ ಖಚಿತ ಲೆಕ್ಕ. ಸಿವಿಡಿಯಲ್ಲಿ ಕೊಂಚ ನೈಟ್ರೋಜನ್ ಇದ್ದರೆ ಹರಳು ಬೇಗ ಬೆಳೆಯುತ್ತದೆ, ಹಾಗಾಗಿ ಆಭರಣದ ಹರಳುಗಳಲ್ಲೂ ಚೂರುಪಾರು ಎನ್‌ವಿ ಸೆಂಟರ್‌ಗಳು ಉಳಿದುಕೊಳ್ಳುತ್ತವೆ. ವಜ್ರ ಪರೀಕ್ಷಿಸುವ ಲ್ಯಾಬ್‌ಗಳು ಗಣಿಯ ಹರಳನ್ನೂ ಬೆಳೆಸಿದ ಹರಳನ್ನೂ ಬೇರೆ ಮಾಡಲು ನೋಡುವ ಸುಳಿವುಗಳಲ್ಲಿ ಅವು ಸೂಸುವ ಕೆಂಪು ಬೆಳಕೂ ಒಂದು.